ಅಂಗಡಿ ಚಿತ್ರ: ಇಂಡೀ ಸ್ಟ್ರಾಟಜಿ ಗೇಮ್‌ಗಳ ಮುಖಕಲೆ

ಆನ್‌ಲೈನ್ ಮಳಿಗೆಯಲ್ಲಿ ವಿಡಿಯೊ ಗೇಮ್ ಒಂದನ್ನು ಕೊಳ್ಳುವವರ ಕಣ್ಣಿಗೆ ಬೀಳಿಸುವ ಚಿತ್ರಗಳನ್ನೆಲ್ಲ ಸೇರಿಸಿ ಅಂಗಡಿ ಚಿತ್ರ ಎನ್ನಬಹುದು. ಗೇಮಿನ ಹೆಸರು ಹೊತ್ತ ಚಿಕ್ಕ ದೊಡ್ಡ ಫಲಕಗಳು, ಪುಟದ ಹಿನ್ನೆಲೆ, ಆಟದ ಒಳಗಿನಿಂದ ತೆಗೆದ ಸ್ಕ್ರೀನ್‌ಶಾಟ್‌ಗಳು, ಟ್ರೈಲರಿನ ಮೊದಲ ದೃಶ್ಯ, ಮೊಬೈಲ್ ಮಳಿಗೆಯಾದರೆ ಐಕಾನ್, ಇವೆಲ್ಲ ಅದರೊಳಗೆ ಬರುತ್ತವೆ. ಕಂಪ್ಯೂಟರ್ ಗೇಮ್‌ಗಳ ಅತಿದೊಡ್ಡ ಮಳಿಗೆಯಾದ ಸ್ಟೀಮ್ ಈ ಫಲಕಗಳನ್ನು ಕ್ಯಾಪ್ಸೂಲ್ ಎಂದು ಕರೆಯುತ್ತದೆ. ಉದ್ಯಮದವರ ಬಾಯಲ್ಲೂ ಅದೇ ಹೆಸರು ನಿಂತಿದೆ.

ದೊಡ್ಡ ಕಂಪನಿಯ ಹಣವಿಲ್ಲದೆ ಒಬ್ಬರೋ ನಾಲ್ಕಾರು ಜನರೋ ಸೇರಿ ಮಾಡುವ ಗೇಮಿಗೆ ಇಂಡೀ ಎನ್ನುತ್ತಾರೆ. ಅಂಥ ಗೇಮಿಗೆ ಜಾಹೀರಾತಿನ ಬಲ ಇರುವುದಿಲ್ಲ. ಕ್ಯಾಪ್ಸೂಲೇ ಅದರ ಬೋರ್ಡು, ಅದೇ ಷೋಕೇಸು, ಬಾಗಿಲಲ್ಲಿ ನಿಂತು ಗಿರಾಕಿಯನ್ನು ಕರೆಯುವ ಹುಡುಗನೂ ಅದೇ. 2024ರ ಒಂದೇ ವರ್ಷದಲ್ಲಿ ಸ್ಟೀಮ್‌ನಲ್ಲಿ 18,000ಕ್ಕೂ ಹೆಚ್ಚು ಗೇಮ್‌ಗಳು ಬಿಡುಗಡೆಯಾದವು, ದಿನಕ್ಕೆ ಸರಾಸರಿ ಐವತ್ತರ ಹತ್ತಿರ. ಇಷ್ಟರ ನಡುವೆ ಒಂದು ಫಲಕದ ಮೇಲೆ ಕಣ್ಣು ನಿಲ್ಲುವುದು ಕ್ಷಣಮಾತ್ರ. ಸ್ಟ್ರಾಟಜಿ ಗೇಮಿಗೆ ಇದರ ಮೇಲೆ ಇನ್ನೊಂದು ತೊಡಕಿದೆ. ಅದರ ರುಚಿಯೆಲ್ಲ ಇರುವುದು ಲೆಕ್ಕಾಚಾರದಲ್ಲಿ, ಮುಂದಿನ ನಾಲ್ಕು ನಡೆಗಳನ್ನು ಮನಸ್ಸಿನಲ್ಲೇ ಆಡಿ ನೋಡುವುದರಲ್ಲಿ. ಅದನ್ನು ಚಿತ್ರ ಬರೆಯುವುದು ಹೇಗೆ? ಈ ಕಲೆಯಲ್ಲಿ ಚಿತ್ರ ಎಷ್ಟು ಚಂದ ಎಂಬ ಪ್ರಶ್ನೆ ಆಮೇಲಿನದು. ಚಿಕ್ಕದಾದ ಮೇಲೆ ಅದರಲ್ಲಿ ಏನು ಉಳಿಯಿತು, ಉಳಿದದ್ದು ಆಟದ ಬಗ್ಗೆ ನಿಜ ಹೇಳುತ್ತದೆಯೇ ಎಂಬುದು ಮೊದಲಿನದು.

ಪೆಟ್ಟಿಗೆಯಿಂದ ಫಲಕಕ್ಕೆ

ಈ ಕಲೆಯ ಬೇರು ರಟ್ಟಿನ ಪೆಟ್ಟಿಗೆಯಲ್ಲಿದೆ. ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಯುದ್ಧದ ಬೋರ್ಡ್ ಗೇಮನ್ನು ಮಾರಾಟಕ್ಕೆ ತಂದರು. ಮುಂದೆ ಅವರ ಅವಲಾನ್ ಹಿಲ್ ಸಂಸ್ಥೆ ಈ ಬಗೆಯ ಆಟಗಳಿಗೆ ಮನೆಮಾತಾಯಿತು. 1969ರಲ್ಲಿ ನ್ಯೂಯಾರ್ಕಿನಲ್ಲಿ ಜೇಮ್ಸ್ ಡನ್ನಿಗನ್ ಜೊತೆ ಇಂಥದೇ ಆಟಗಳ ಎಸ್‌ಪಿಐ ಸಂಸ್ಥೆಯನ್ನು ಕಟ್ಟಿದ ರೆಡ್ಮಂಡ್ ಸೈಮನ್ಸನ್ ಗ್ರಾಫಿಕ್ ವಿನ್ಯಾಸಕಾರ. ಗೇಮ್ ಡಿಸೈನರ್ ಎಂಬ ಪದವನ್ನು ಚಾಲ್ತಿಗೆ ತಂದ ಶ್ರೇಯಸ್ಸನ್ನೂ ಅವರಿಗೇ ಕೊಡುತ್ತಾರೆ. ಅರ್ಧ ಅಂಗುಲದ ರಟ್ಟಿನ ಬಿಲ್ಲೆಯ ಮೇಲೆ ದಳದ ಚಿಹ್ನೆ, ಅದರ ಬಲ, ಅದು ನಡೆಯಬಲ್ಲ ದೂರ ಇಷ್ಟೂ ಮೇಜಿನ ಆಚೆ ಕೂತವನಿಗೆ ಕಾಣುವಂತೆ ಮುದ್ರಿಸುವುದು ಅವರ ನಿತ್ಯದ ಕೆಲಸವಾಗಿತ್ತು. ಇಂದು ಕ್ಯಾಪ್ಸೂಲ್ ಬರೆಯುವ ಕಲಾವಿದ ಎದುರಿಸುವ ಕಷ್ಟವನ್ನು ಸೈಮನ್ಸನ್ ಐವತ್ತು ವರ್ಷದ ಹಿಂದೆಯೇ ಎದುರಿಸಿದ್ದರು ಎಂದರೆ ತಪ್ಪಾಗದು. ಬಣ್ಣ ಬಣ್ಣದ ಮುಚ್ಚಳಕ್ಕಿಂತ ಆ ಬಿಲ್ಲೆಯೇ ಕ್ಯಾಪ್ಸೂಲಿನ ನಿಜವಾದ ಹಿರಿಯ.

ಮುಚ್ಚಳದ ಕಥೆ ಬೇರೆ. 1977ರಲ್ಲಿ ಅಟಾರಿ ಕಂಪನಿ ಮನೆಯ ಟಿ.ವಿ.ಗೆ ಜೋಡಿಸುವ ಗೇಮ್ ಯಂತ್ರವನ್ನು ತಂದಾಗ ಪರದೆಯ ಮೇಲೆ ಕಾಣುತ್ತಿದ್ದದ್ದು ನಾಲ್ಕು ಚೌಕ, ಎರಡು ಗೆರೆ. ಕ್ಲಿಫ್ ಸ್ಪೋನ್ ಮೊದಲಾದ ಕಲಾವಿದರು ಪೆಟ್ಟಿಗೆಯ ಮೇಲೆ ಟ್ಯಾಂಕು, ವಿಮಾನ, ಬೆವರಿದ ಮುಖಗಳನ್ನು ಕುಂಚದಲ್ಲಿ ಬರೆದು ಆ ಚೌಕಗಳ ಹಿಂದೆ ಒಂದು ಲೋಕ ಇದೆ ಎಂದು ನಂಬಿಸಿದರು. ಕೊಂಡವರಿಗೆ ಅದು ಮೋಸ ಎನಿಸಲಿಲ್ಲ. ಪರದೆ ಹೇಳಲಾರದ್ದನ್ನು ಪೆಟ್ಟಿಗೆ ಹೇಳುತ್ತದೆ ಎಂಬುದು ಆ ಕಾಲದ ಒಡಂಬಡಿಕೆ. ಕ್ಯಾಲಿಫೋರ್ನಿಯದ ಎಸ್‌ಎಸ್‌ಐ 1980ರಲ್ಲಿ ‘ಕಂಪ್ಯೂಟರ್ ಬಿಸ್ಮಾರ್ಕ್’ ಎಂಬ ನೌಕಾಯುದ್ಧದ ಗೇಮನ್ನು ಹೊರತಂದಾಗ ಅದರ ಪೆಟ್ಟಿಗೆಯನ್ನು ಬೋರ್ಡ್ ಗೇಮ್‌ಗಳ ಪೆಟ್ಟಿಗೆಯ ಧಾಟಿಯಲ್ಲೇ ಮಾಡಿಸಿತು, ಅವಲಾನ್ ಹಿಲ್ ಗಿರಾಕಿಗೆ ಇದು ನಿನ್ನದೇ ಸರಕು ಎಂದು ಗೊತ್ತಾಗಲೆಂದು.

ಪೆಟ್ಟಿಗೆಗೆ ಒಂದು ಅನುಕೂಲವಿತ್ತು: ಕೈಗೆತ್ತಿಕೊಂಡವರು ಅದನ್ನು ತಿರುಗಿಸುತ್ತಿದ್ದರು. ಮುಂದೆ ಬಣ್ಣದ ಕನಸು, ಹಿಂದೆ ಆಟದ ನಿಜವಾದ ಚಿತ್ರಗಳು, ಯಾವ ಕಂಪ್ಯೂಟರ್ ಬೇಕು ಎಂಬ ವಿವರ. ಇಂದಿನ ಮಳಿಗೆಯ ಪುಟದಲ್ಲೂ ಈ ಎರಡು ಮುಖಗಳಿವೆ, ಕ್ಯಾಪ್ಸೂಲ್ ಮುಂದಿನದು, ಸ್ಕ್ರೀನ್‌ಶಾಟ್‌ಗಳು ಹಿಂದಿನವು. ಆದರೆ ಕ್ಲಿಕ್ ಮಾಡುವ ತನಕ ಹಿಂದಿನ ಮುಖ ಕಾಣುವುದೇ ಇಲ್ಲ.

ವಾಲ್ವ್ ಕಂಪನಿಯ ಸ್ಟೀಮ್ ಶುರುವಾದದ್ದು 2003ರ ಸೆಪ್ಟೆಂಬರಿನಲ್ಲಿ. 2005ರಿಂದ ಬೇರೆಯವರ ಗೇಮ್‌ಗಳೂ ಅಲ್ಲಿ ಮಾರಾಟಕ್ಕೆ ಬಂದವು. 2012ರಿಂದ ಗ್ರೀನ್‌ಲೈಟ್ ಎಂಬ ಏರ್ಪಾಟಿನಲ್ಲಿ ಬಳಕೆದಾರರ ಮತ ಗಿಟ್ಟಿಸಿದ ಇಂಡೀ ಗೇಮಿಗೆ ಪ್ರವೇಶ ಸಿಗುತ್ತಿತ್ತು. 2017ರ ಜೂನ್‌ನಲ್ಲಿ ಅದೂ ಹೋಗಿ, ಗೇಮಿಗೆ 100 ಡಾಲರ್ ಕಟ್ಟಿದರೆ ಯಾರು ಬೇಕಾದರೂ ಅಂಗಡಿ ತೆರೆಯಬಹುದು ಎಂದಾಯಿತು. ಬಾಗಿಲು ಅಗಲವಾದಂತೆ ಒಳಗಿನ ನೂಕುನುಗ್ಗಲೂ ಹೆಚ್ಚಿತು. ಮೊದಲು ಅಭಿವರ್ಧಕರು ಕೊನೆಯ ವಾರದಲ್ಲಿ ಯೋಚಿಸುತ್ತಿದ್ದ ಕ್ಯಾಪ್ಸೂಲ್ ಈಗ ಗೇಮ್ ಅರ್ಧ ಮುಗಿಯುವ ಮುನ್ನವೇ ಬೇಕಾಗುವ ಸಾಮಾನಾಯಿತು.

ಅಳತೆ ಮತ್ತು ಕಟ್ಟಳೆ

ಸ್ಟೀಮ್‌ಗೆ ಒಂದು ಚಿತ್ರ ಕೊಟ್ಟರೆ ಸಾಲದು. ಗೇಮಿನ ಪುಟದ ತಲೆಯಲ್ಲಿ ಕೂರುವ ಹೆಡರ್ ಕ್ಯಾಪ್ಸೂಲ್ 920×430 ಪಿಕ್ಸೆಲ್, ಮಳಿಗೆಯ ಮುಖಪುಟದಲ್ಲಿ ಸರಿಯುತ್ತ ಹೋಗುವ ಮೇನ್ ಕ್ಯಾಪ್ಸೂಲ್ 1232×706, ಋತುವಿನ ರಿಯಾಯಿತಿ ಮಾರಾಟದಲ್ಲಿ ಕಾಣುವ ನಿಂತ ಫಲಕ 748×896, ಹುಡುಕಾಟದ ಪಟ್ಟಿಗೆ ಬೇಕಾದ ಸ್ಮಾಲ್ ಕ್ಯಾಪ್ಸೂಲ್ 462×174. ಹಿಂದೆ ಇವೆಲ್ಲ ಇದರ ಅರ್ಧ ಅಳತೆಯಲ್ಲಿದ್ದವು. 2019ರಲ್ಲಿ ಸ್ಟೀಮ್ ತನ್ನ ಲೈಬ್ರರಿಯನ್ನು, ಅಂದರೆ ಕೊಂಡ ಗೇಮ್‌ಗಳನ್ನು ತೋರಿಸುವ ಪುಟವನ್ನು, ಹೊಸದಾಗಿ ಕಟ್ಟಿದ ಮೇಲೆ 600×900ರ ನಿಂತ ಚಿತ್ರ, 3840×1240ರ ಉದ್ದನೆಯ ಹೀರೊ ಚಿತ್ರ, ಹಿನ್ನೆಲೆಯಿಲ್ಲದ ಲೋಗೊ ಇವೂ ಸೇರಿಕೊಂಡವು. ಹೀರೊ ಚಿತ್ರದ ಮೇಲೆ ಅಕ್ಷರ ಇರಕೂಡದು; ಲೋಗೊವನ್ನು ಸ್ಟೀಮ್ ತಾನೇ ಅದರ ಮೇಲೆ ಕೂರಿಸುತ್ತದೆ.

ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ತೊಂದರೆ ತಿಳಿಯುತ್ತದೆ. ಒಂದು ಫಲಕ ಎತ್ತರದ ಎರಡೂವರೆ ಪಟ್ಟು ಅಗಲ, ಇನ್ನೊಂದು ಅಗಲಕ್ಕಿಂತ ಎತ್ತರ, ಮತ್ತೊಂದು ಮೂರು ಪಟ್ಟು ಉದ್ದ. ಒಂದೇ ಚಿತ್ರವನ್ನು ಕತ್ತರಿಸಿ ಎಲ್ಲಕ್ಕೂ ತುರುಕಿದರೆ ಒಂದರಲ್ಲಿ ಸೇನಾಪತಿಯ ತಲೆ ಹೋಗುತ್ತದೆ, ಇನ್ನೊಂದರಲ್ಲಿ ಕುದುರೆಯ ಕಾಲು. ಆದ್ದರಿಂದ ಪಳಗಿದ ಕಲಾವಿದರು ಆಕೃತಿ, ಹಿನ್ನೆಲೆ, ಹೊಗೆ, ಅಕ್ಷರ ಎಲ್ಲವನ್ನೂ ಬೇರೆ ಬೇರೆ ಪದರದಲ್ಲಿ ಬರೆದು, ಪ್ರತಿ ಆಕಾರಕ್ಕೂ ಹೊಸದಾಗಿ ಜೋಡಿಸುತ್ತಾರೆ.

ಇದಕ್ಕಿಂತ ಕಠಿಣವಾದದ್ದು ಇನ್ನೊಂದಿದೆ. ಸ್ಮಾಲ್ ಕ್ಯಾಪ್ಸೂಲಿನಿಂದ ಸ್ಟೀಮ್ ತಾನಾಗಿ 184×69 ಮತ್ತು 120×45 ಪಿಕ್ಸೆಲಿನ ಮರಿಗಳನ್ನು ಮಾಡಿಕೊಳ್ಳುತ್ತದೆ. 120×45 ಎಂದರೆ ಸಾಮಾನ್ಯ ಮಾನಿಟರಿನ ಮೇಲೆ ಹೆಬ್ಬೆರಳಿನ ಅಗಲಕ್ಕಿಂತ ತುಸು ಹೆಚ್ಚು, ಅಷ್ಟೇ. ಹೆಸರು ಹುಡುಕುವಾಗ, ಪಟ್ಟಿಗಳಲ್ಲಿ ಕಣ್ಣಾಡಿಸುವಾಗ ಗಿರಾಕಿಗೆ ಕಾಣುವುದು ಇಂಥ ಚೂರುಗಳೇ. ಈ ಗಾತ್ರದಲ್ಲಿ ಲೋಗೊ ಫಲಕವನ್ನು ಬಹುಪಾಲು ತುಂಬಿರಬೇಕು ಎಂದು ವಾಲ್ವ್ ಹೇಳುತ್ತದೆ. ಕೋಣೆಯಷ್ಟು ದೊಡ್ಡ ಮಾನಿಟರಿನಲ್ಲಿ ತಿಂಗಳುಗಟ್ಟಲೆ ತಿದ್ದಿದ ಚಿತ್ರವನ್ನು ಕೊನೆಗೆ ಈ ಚೂರಿನಲ್ಲಿ ನೋಡಿ ಕಲಾವಿದರ ಮುಖ ಬಾಡುವುದು ಹೊಸದೇನಲ್ಲ.

2022ರ ಸೆಪ್ಟೆಂಬರ್ 1ರಿಂದ ವಾಲ್ವ್ ಒಂದು ಕಟ್ಟಳೆ ತಂದಿತು. ಅದರ ಪ್ರಕಾರ ಕ್ಯಾಪ್ಸೂಲಿನ ಮೇಲೆ ಗೇಮಿನ ಚಿತ್ರ, ಹೆಸರು, ಅಧಿಕೃತ ಉಪಶೀರ್ಷಿಕೆ ಇಷ್ಟೇ ಇರಬೇಕು. ವಿಮರ್ಶಕರ ಅಂಕ, ಪ್ರಶಸ್ತಿಯ ಮುದ್ರೆ, ರಿಯಾಯಿತಿಯ ಕೂಗು, ಬೇರೆ ಗೇಮಿನ ಪ್ರಚಾರ ಯಾವುದೂ ಸಲ್ಲದು. ಹೊಸ ಅಧ್ಯಾಯ ಸೇರಿಸಿದಾಗ ಅದನ್ನು ಸಾರುವ ಚಿತ್ರವನ್ನು ಸ್ವಲ್ಪ ಕಾಲದ ಮಟ್ಟಿಗೆ ಹಾಕಬಹುದು, ಅದರ ಬರಹವನ್ನು ಗೇಮ್ ಸಿಗುವ ಭಾಷೆಗಳಲ್ಲೆಲ್ಲ ಕೊಡಬೇಕು. ಕಟ್ಟಳೆ ಮೀರಿದ ಗೇಮಿಗೆ ಸ್ಟೀಮ್‌ನ ಅಧಿಕೃತ ಮಾರಾಟಮೇಳಗಳಲ್ಲಿ ಜಾಗ ತಪ್ಪಬಹುದು. ಅಭಿವರ್ಧಕರಲ್ಲಿ ಕೆಲವರು ಗೊಣಗಿದರೂ ಈ ಲೇಖಕನ ಮಟ್ಟಿಗೆ ಇದು ಒಳ್ಳೆಯ ಕಟ್ಟಳೆ. ಅದಕ್ಕೆ ಮುಂಚೆ ಎಷ್ಟೋ ಕ್ಯಾಪ್ಸೂಲ್‌ಗಳು ಚುನಾವಣೆ ಕಾಲದ ಫ್ಲೆಕ್ಸ್‌ಗಳಂತೆ ಕಾಣುತ್ತಿದ್ದವು.

ಮುಖವಿಲ್ಲದ ಆಟಕ್ಕೆ ಮುಖ

ಓಡುವ, ಹಾರುವ, ಗುಂಡು ಹಾರಿಸುವ ಗೇಮಿಗೆ ನಾಯಕನಿದ್ದಾನೆ. ಅವನನ್ನು ಮುಂದೆ ನಿಲ್ಲಿಸಿದರೆ ಮುಗಿಯಿತು. ಸ್ಟ್ರಾಟಜಿ ಗೇಮಿನಲ್ಲಿ ಆಡುವವನು ಮೋಡದ ಮೇಲೆ ಕೂತಂತೆ ಇರುತ್ತಾನೆ. ಕೆಳಗೆ ಇರುವೆಗಳಂಥ ದಳಗಳು, ನಕ್ಷೆ, ಅಂಚಿನ ತುಂಬ ಗುಂಡಿಗಳು, ಅಂಕಿಗಳು. ಇದನ್ನು ಹಾಗೇ ಚಿಕ್ಕದು ಮಾಡಿದರೆ ರಂಗೋಲಿ ಪುಡಿ ಚೆಲ್ಲಿದಂತೆ. ಹಾಗೆಂದು ನಕ್ಷೆಯನ್ನು ಪೂರ್ತಿ ಮುಚ್ಚಿಟ್ಟು, ಖಡ್ಗ ಹಿಡಿದು ಗರ್ಜಿಸುವ ವೀರನನ್ನು ಬರೆದರೆ ಹೊಡೆದಾಟದ ಗೇಮ್ ಹುಡುಕುವವನು ಬಂದು, ನಿರಾಶನಾಗಿ ಹೋಗುತ್ತಾನೆ. ನಿಧಾನವಾಗಿ ಯೋಚಿಸಿ ಆಡುವವನು ಇದು ನನ್ನದಲ್ಲ ಎಂದು ಮುಂದೆ ಸರಿದಿರುತ್ತಾನೆ. ಎರಡೂ ಕಡೆ ನಷ್ಟ.

ಈ ಇಕ್ಕಟ್ಟಿನಿಂದ ಹೊರಬಂದ ಕೆಲವು ಗೇಮ್‌ಗಳನ್ನು ಗಮನಿಸಬೇಕು. ನ್ಯೂಜಿಲೆಂಡಿನ ಡೈನೊಸಾರ್ ಪೋಲೊ ಕ್ಲಬ್‌ನ ‘ಮಿನಿ ಮೆಟ್ರೊ’ ನಗರಕ್ಕೆ ಸುರಂಗ ರೈಲಿನ ಹಾದಿಗಳನ್ನು ಎಳೆಯುವ ಗೇಮ್. 2013ರಲ್ಲಿ ಲೂಡಮ್ ಡೇರ್ ಎಂಬ ಗೇಮ್ ಕಟ್ಟುವ ಸ್ಪರ್ಧೆಯಲ್ಲಿ ಹುಟ್ಟಿ 2015ರ ನವೆಂಬರಿನಲ್ಲಿ ಪೂರ್ಣ ರೂಪ ಪಡೆಯಿತು. ಅದರ ರೂಪದ ಮೂಲ ಹ್ಯಾರಿ ಬೆಕ್ ಎಂಬ ನಕಾಶೆಗಾರ ಲಂಡನ್ನಿನ ಸುರಂಗ ರೈಲಿಗೆ ಬರೆದ, 1933ರಲ್ಲಿ ಅಚ್ಚಾದ ನಕ್ಷೆ. ಊರಿನ ನಿಜವಾದ ಅಂಕುಡೊಂಕನ್ನು ಬಿಟ್ಟು ನೇರ ಗೆರೆ, 45 ಡಿಗ್ರಿಯ ತಿರುವು, ದಟ್ಟ ಬಣ್ಣ ಇಷ್ಟರಲ್ಲೇ ಬೆಕ್ ಇಡೀ ಜಾಲವನ್ನು ಹೇಳಿದ್ದರು. ‘ಮಿನಿ ಮೆಟ್ರೊ’ದ ಫಲಕದಲ್ಲೂ ತಿಳಿಯಾದ ಹಿನ್ನೆಲೆಯ ಮೇಲೆ ಅಂಥದೇ ಬಣ್ಣದ ಗೆರೆಗಳು. ಒಳಗೆ ಹೋದರೂ ಅದೇ ಗೆರೆಗಳು. ಮುಖಪುಟಕ್ಕೂ ಆಟಕ್ಕೂ ನಡುವೆ ಗೋಡೆಯೇ ಇಲ್ಲ. ಕತ್ತಲೆ, ಬೆಂಕಿ, ಕಬ್ಬಿಣ ತುಂಬಿದ ಸ್ಟ್ರಾಟಜಿ ಸಾಲಿನಲ್ಲಿ ಇಂಥ ಬೆಳಗಿನ ಫಲಕ ಕಣ್ಣಿಗೆ ಬೀಳದೆ ಇರುವುದು ಹೇಗೆ?

ಬರ್ಲಿನ್ನಿನ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯವೊಂದರ ನಾಲ್ವರು ವಿದ್ಯಾರ್ಥಿಗಳು ಕಟ್ಟಿದ ‘ಡೋರ್ಫ್‌ರೊಮಾಂಟಿಕ್’ ಇನ್ನೊಂದು ಬಗೆ. ಷಟ್ಕೋನದ ಬಿಲ್ಲೆಗಳನ್ನು ಒಂದಕ್ಕೊಂದು ಹೊಂದಿಸಿ ಹಳ್ಳಿ, ಕಾಡು, ಹೊಲ, ನದಿ ಬೆಳೆಸುವ ಈ ಗೇಮ್ 2021ರ ಮಾರ್ಚ್‌ನಲ್ಲಿ ಅಪೂರ್ಣ ರೂಪದಲ್ಲೂ, 2022ರ ಏಪ್ರಿಲ್‌ನಲ್ಲಿ ಪೂರ್ಣವಾಗಿಯೂ ಹೊರಬಂತು. ಇಲ್ಲಿ ವೀರನೂ ಇಲ್ಲ, ವೈರಿಯೂ ಇಲ್ಲ. ಅದರ ಮುಖ ಎಂದರೆ ಅದರ ನೆಲವೇ. ಕೆಂಪು ಹೆಂಚಿನ ಮನೆಗಳು, ಹಳದಿ ಹೊಲ, ನೆಲದ ಅಂಚಿನಲ್ಲಿ ಕಾಣುವ ಆರು ಮೂಲೆ. ಆ ಮೂಲೆಯೊಂದೇ ಬೋರ್ಡ್ ಗೇಮ್ ಆಡಿದವರಿಗೆ ಸಾಕು. ಇದು ಬಿಲ್ಲೆ ಇಡುವ ಆಟ ಎಂದು ಮೆದುಳಿಗೆ ಮುಟ್ಟಿರುತ್ತದೆ. ಇದನ್ನು ಆಧರಿಸಿದ ರಟ್ಟಿನ ಬೋರ್ಡ್ ಗೇಮ್ 2023ರಲ್ಲಿ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಪಡೆಯಿತು. ಪರದೆಯಿಂದ ಪೆಟ್ಟಿಗೆಗೆ ಮರಳಿದ ಪಯಣ ಅದು.

ವ್ಯಕ್ತಿಗಳನ್ನೇ ಮುಂದಿಡುವ ದಾರಿಯೂ ಇದೆ, ಅವರು ಆಟದೊಳಗೆ ನಿಜವಾಗಿ ಇದ್ದರೆ. ಕೆನಡಾದ ರೆಡ್ ಹುಕ್ ಸ್ಟುಡಿಯೋಸ್‌ನ ‘ಡಾರ್ಕೆಸ್ಟ್ ಡಂಜನ್’ (2016) ನಾಲ್ವರು ಸಾಹಸಿಗಳನ್ನು ಕತ್ತಲ ನೆಲಮಾಳಿಗೆಗೆ ಕಳಿಸಿ, ಅವರ ಭಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸರದಿ ಆಟ. ಅದರ ಕಲಾವಿದ ಕ್ರಿಸ್ ಬುರಾಸಾ ಅವರ ಚಿತ್ರಗಳಲ್ಲಿ ನೆರಳೆಂದರೆ ದಪ್ಪ ಕಪ್ಪು ಮಸಿ. ಪಾತ್ರಗಳ ಕಣ್ಣುಗಳೇ ಆ ಮಸಿಯಲ್ಲಿ ಮುಳುಗಿಹೋಗಿರುತ್ತವೆ. ಕಾಮಿಕ್ಸ್ ಓದುವವರಿಗೆ ಕಲಾವಿದ ಮೈಕ್ ಮಿನ್ಯೋಲ ನೆನಪಾಗಬಹುದು. ಬೂದು ಬಣ್ಣಗಳ ನಯವಾದ ಏರಿಳಿತ ಚಿಕ್ಕದಾದಾಗ ಕರಗಿ ಕೆಸರಾಗುತ್ತದೆ. ಕಪ್ಪು ಬಿಳುಪಿನ ಒರಟು ಗಡಿ ಕರಗುವುದಿಲ್ಲ. ಆ ಶೈಲಿ ಅಂಗಡಿಗೆಂದೇ ಹುಟ್ಟಿದ್ದಲ್ಲ, ಆದರೆ ಅಂಗಡಿಯಲ್ಲಿ ಗೆದ್ದದ್ದಕ್ಕೆ ಇದೂ ಒಂದು ಕಾರಣ.

ಎಲ್ಲಕ್ಕಿಂತ ಸೋಜಿಗದ ಉದಾಹರಣೆ ‘ಡ್ವಾರ್ಫ್ ಫೋರ್ಟ್ರೆಸ್’. ಕುಳ್ಳರ ವಸಾಹತು ಕಟ್ಟುವ ಈ ಗೇಮನ್ನು ಟಾರ್ನ್ ಮತ್ತು ಜ್ಯಾಕ್ ಆ್ಯಡಮ್ಸ್ ಸೋದರರು 2006ರಿಂದ ಉಚಿತವಾಗಿ ಹಂಚುತ್ತ, ಅಭಿಮಾನಿಗಳ ದೇಣಿಗೆಯಲ್ಲಿ ಬದುಕುತ್ತ ಬಂದರು. ಅದರಲ್ಲಿ ಚಿತ್ರವೇ ಇರಲಿಲ್ಲ. ಕುಳ್ಳನೆಂದರೆ ಒಂದು ಪುಟ್ಟ ನಗುಮುಖದ ಚಿಹ್ನೆ. ಶತ್ರುವಾದ ಗಾಬ್ಲಿನ್ ಎಂದರೆ ಇಂಗ್ಲಿಷಿನ ‘ಜಿ’ ಅಕ್ಷರ. ಒಳಗಿನ ಲೋಕ ಮಹಾಭಾರತದಷ್ಟು ದೊಡ್ಡದು, ಹೊರಗಿನ ನೋಟ ಟೈಪ್‌ರೈಟರ್ ಕೆಟ್ಟಂತೆ. 2022ರ ಡಿಸೆಂಬರ್ 6ರಂದು ಕಿಟ್‌ಫಾಕ್ಸ್ ಗೇಮ್ಸ್ ಇದನ್ನು ಪುಟ್ಟ ಪುಟ್ಟ ಚಿತ್ರದ ಬಿಲ್ಲೆಗಳ ಸಮೇತ ಸ್ಟೀಮ್‌ಗೆ ತಂದಾಗ ಮೊದಲ ತಿಂಗಳಲ್ಲೇ ಪ್ರತಿಗಳು ಲಕ್ಷಗಟ್ಟಲೆ ಮಾರಾಟವಾದವು. ಹದಿನಾರು ವರ್ಷ ಕಟ್ಟಿದ ಖ್ಯಾತಿ ಇದರ ಹಿಂದಿತ್ತು, ನಿಜ. ಚಿತ್ರವೊಂದೇ ಈ ಪವಾಡ ಮಾಡಿತು ಎನ್ನಲಾಗದು. ಆದರೆ ಮೆಚ್ಚುವವರು ಮೊದಲೇ ಇದ್ದರು, ಒಳಗೆ ಬರಲು ಅವರಿಗೆ ಬಾಗಿಲು ಕಾಣುತ್ತಿರಲಿಲ್ಲ ಎಂಬುದಂತೂ ಸ್ಪಷ್ಟ.

ಚಿಕ್ಕದರಿಂದ ಶುರು

ಪಳಗಿದವರ ಕ್ರಮ ಹೀಗಿರುತ್ತದೆ. ಒಂದು ಸರದಿ ಆಟವನ್ನು ಕಲ್ಪಿಸಿಕೊಳ್ಳೋಣ: ಮುತ್ತಿಗೆಗೆ ಸಿಕ್ಕಿದ ಬೆಟ್ಟದ ಕೋಟೆಯನ್ನು ಹನ್ನೆರಡು ದಿನ ಕಾಯಬೇಕು, ಹೊಂಡದ ನೀರು ದಿನದಿನಕ್ಕೆ ಇಳಿಯುತ್ತಿದೆ, ಯಾರಿಗೆ ಎಷ್ಟು ಕೊಡ ಎಂಬುದೇ ಆಟದ ಲೆಕ್ಕ. ಮೊದಲ ಕರಡಿನಲ್ಲಿ ಎಲ್ಲರೂ ಬರೆಯುವುದನ್ನೇ ಬರೆದರು ಎಂದಿಟ್ಟುಕೊಳ್ಳಿ. ಎಡಕ್ಕೆ ಮೀಸೆಯ ಕಿಲ್ಲೇದಾರ, ಬಲಕ್ಕೆ ಆನೆ ಕುದುರೆ ಸಮೇತ ಇನ್ನೂರು ಸೈನಿಕರು, ಹಿಂದೆ ಮುಳುಗುವ ಸೂರ್ಯ, ಮೇಲೆ ಸಣ್ಣ ಗೆರೆಯ ಚಿನ್ನದ ಅಕ್ಷರದಲ್ಲಿ ಹೆಸರು. ದೊಡ್ಡ ಪರದೆಯಲ್ಲಿ ಕ್ಯಾಲೆಂಡರಿಗೆ ಹಾಕುವಂಥ ಚಿತ್ರ. ಅದನ್ನು 120×45ಕ್ಕೆ ಇಳಿಸಿದರೆ ಕಿಲ್ಲೇದಾರ ಒಂದು ಕಂದು ಕಲೆ, ಸೈನ್ಯ ಇನ್ನೊಂದು ಕಂದು ಕಲೆ, ಸಂಜೆಯ ಬಾನು ಎರಡನ್ನೂ ನುಂಗಿದೆ, ಚಿನ್ನದ ಅಕ್ಷರ ಅದರಲ್ಲಿ ಸೇರಿಹೋಗಿದೆ. ಉಳಿದದ್ದು ಸೂರ್ಯ ಮಾತ್ರ. ಆ ಸೂರ್ಯನಿಗೂ ಆಟಕ್ಕೂ ಸಂಬಂಧವಿಲ್ಲ.

ಎರಡನೆಯ ಕರಡನ್ನು 120×45ರಲ್ಲೇ ಶುರು ಮಾಡಬೇಕು, ಅದೂ ಕಪ್ಪು, ಬೂದು, ಬಿಳಿ ಮೂರೇ ಛಾಯೆಯಲ್ಲಿ. ಆಟದ ತಿರುಳು ಸುತ್ತುವರಿದಿರುವುದು, ನೀರು ಬತ್ತುತ್ತಿರುವುದು. ಹಾಗಾದರೆ ನಡುವೆ ಬೆಳಕಿನ ಒಂದು ಚುಕ್ಕೆ ಇಡಿ, ಸುತ್ತ ಕತ್ತಲ ಉಂಗುರ ಎಳೆಯಿರಿ. ಈಗ ಹಂತಹಂತವಾಗಿ ದೊಡ್ಡದು ಮಾಡಿದಂತೆ ಚುಕ್ಕೆ ಕೋಟೆಯ ಒಳ ಅಂಗಳವಾಗುತ್ತದೆ, ಅಂಗಳದ ನಡುವೆ ದೀಪದ ಬೆಳಕಿನಲ್ಲಿ ಅರೆ ಒಣಗಿದ ಹೊಂಡ, ಮೆಟ್ಟಿಲಲ್ಲಿ ಕೊಡ ಹಿಡಿದ ಇಬ್ಬರು. ಉಂಗುರ ಶತ್ರುಗಳ ಪಂಜುಗಳ ಸಾಲಾಗುತ್ತದೆ. ನೋಟ ಮೇಲಿಂದ ಓರೆಯಾಗಿ, ಆಟದಲ್ಲಿ ಕಾಣುವ ಕೋನದಿಂದಲೇ. ಹೆಡರಿನಲ್ಲಿ ಕೊಡ ಕಾಣುತ್ತದೆ. ಹೆಬ್ಬೆರಳ ಗಾತ್ರದಲ್ಲಿ ಕೊಡ ಕಾಣದಿದ್ದರೂ ಸಿಕ್ಕಿಬಿದ್ದ ಬೆಳಕು ಕಾಣುತ್ತದೆ. ಮೀಸೆಯ ಕಿಲ್ಲೇದಾರನನ್ನು ಬಿಡಲಾಗದು ಎನ್ನುವವರು ಅವನನ್ನು ಲೈಬ್ರರಿಯ ಹೀರೊ ಚಿತ್ರದಲ್ಲಿ ಧಾರಾಳವಾಗಿ ಕೂರಿಸಬಹುದು, ಅಲ್ಲಿ ಜಾಗವಿದೆ.

ಬಣ್ಣ ಆರಿಸುವಾಗ ಮಳಿಗೆಯ ಗೋಡೆಯ ಬಣ್ಣವನ್ನೂ ನೆನೆಯಬೇಕು. ಸ್ಟೀಮ್‌ನ ಪುಟ ಕಡುನೀಲಿ ಮಿಶ್ರಿತ ಬೂದು. ರಾತ್ರಿಯ ದೃಶ್ಯ ಬರೆದು ಅಂಚನ್ನೂ ಕಪ್ಪಾಗಿ ಬಿಟ್ಟರೆ ಫಲಕ ಎಲ್ಲಿ ಮುಗಿಯಿತು, ಪುಟ ಎಲ್ಲಿ ಶುರುವಾಯಿತು ಎಂದೇ ತಿಳಿಯುವುದಿಲ್ಲ. ಮೇಲಿನ ಕೋಟೆಯ ಚಿತ್ರಕ್ಕೂ ಈ ಅಪಾಯ ಇದೆ. ಅದಕ್ಕೇ ಪಂಜುಗಳ ಸಾಲನ್ನು ಅಂಚಿನ ತನಕ ಎಳೆಯಬೇಕು. ಗೇಮ್ ಈಗಾಗಲೇ ಗಿರಾಕಿಯ ವಿಷ್‌ಲಿಸ್ಟಿನಲ್ಲಿ, ಅಂದರೆ ಮುಂದೆ ಕೊಳ್ಳಲೆಂದು ಗುರುತಿಟ್ಟ ಪಟ್ಟಿಯಲ್ಲಿ, ಇದ್ದರೆ ಫಲಕದ ಮೇಲಿನ ಎಡಮೂಲೆಯಲ್ಲಿ ಸ್ಟೀಮ್ ತನ್ನ ಪಟ್ಟಿ ಅಂಟಿಸುತ್ತದೆ. ಮುಖ್ಯವಾದದ್ದನ್ನು ಆ ಮೂಲೆಯಲ್ಲಿ ಇಡಬಾರದು. ಪರೀಕ್ಷೆಯ ಹಳೆಯ ಉಪಾಯ ಇಂದಿಗೂ ಒಳ್ಳೆಯದು: ಮಳಿಗೆಯ ಪುಟದ ಚಿತ್ರ ತೆಗೆದು, ತಮ್ಮ ಬಗೆಯದೇ ಹತ್ತು ಗೇಮ್‌ಗಳ ನಡುವೆ ತಮ್ಮ ಫಲಕ ಅಂಟಿಸಿ, ಗೇಮಿನ ಗಂಧಗಾಳಿ ಇಲ್ಲದ ಒಬ್ಬರಿಗೆ ಎರಡು ಸೆಕೆಂಡು ತೋರಿಸಿ, ಯಾವುದು ನೆನಪಿದೆ, ಅದರಲ್ಲಿ ಏನು ಮಾಡಬೇಕೆಂದು ಅನ್ನಿಸಿತು ಎಂದು ಕೇಳುವುದು. ಮನೆಯವರನ್ನು ಮಾತ್ರ ಕೇಳಬೇಡಿ, ಅವರು ಚೆನ್ನಾಗಿದೆ ಎಂದೇ ಹೇಳುತ್ತಾರೆ.

ಅಕ್ಷರ

ಹೆಸರಿನ ಬರಹ ಅರ್ಧ ಚಿತ್ರವಿದ್ದಂತೆ. ದಪ್ಪ ಕಾಂಡ, ಅಕ್ಷರದ ನಡುವೆ ಉಸಿರಾಡುವಷ್ಟು ಜಾಗ, ಹಿನ್ನೆಲೆಯಿಂದ ಬೇರ್ಪಡಿಸುವ ಅಂಚು ಇವಿಷ್ಟು ಎಲ್ಲ ಲಿಪಿಗೂ ಬೇಕು. ಹೆಸರು ಉದ್ದವಾದರೆ ಸ್ಮಾಲ್ ಕ್ಯಾಪ್ಸೂಲಿಗೆ ಎರಡು ಸಾಲಿನ ಬೇರೆ ಜೋಡಣೆ ಮಾಡಿಸಿಕೊಳ್ಳುವುದು ವಾಡಿಕೆ.

ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ಲೆಕ್ಕ ಇದೆ. ‘ಕೋಟೆ’ ಎಂದು ಬರೆದರೆ ಎಲ್ಲ ಒಂದೇ ಸಾಲಿನಲ್ಲಿ ಕೂರುತ್ತದೆ, ಕೆಳಗೆ ಏನೂ ಜೋತಾಡುವುದಿಲ್ಲ. ‘ದುರ್ಗ’ದಲ್ಲಿ ಅರ್ಕಾವತ್ತು ಪಕ್ಕಕ್ಕೆ ಬರುವುದರಿಂದ ಅದೂ ಪರವಾಗಿಲ್ಲ. ‘ರಾಷ್ಟ್ರಕೂಟ’ ಎಂದರೆ ಷಕಾರದ ಕೆಳಗೆ ಟಕಾರದ ಒತ್ತು, ಅದರ ಜೊತೆ ರಕಾರದ ಒತ್ತು. 45 ಪಿಕ್ಸೆಲ್ ಎತ್ತರದ ಫಲಕದಲ್ಲಿ ಮೇಲೆ ಕೆಳಗೆ ಒಂದಿಷ್ಟು ಬಿಟ್ಟರೆ ಉಳಿಯುವುದು 35ರ ಹತ್ತಿರ. ಒತ್ತಕ್ಷರಕ್ಕೆ ಜಾಗ ಮಾಡಲು ಮೂಲ ಅಕ್ಷರ ಕುಗ್ಗಬೇಕು, ಇಡೀ ಹೆಸರೇ ಸಣ್ಣಗಾಗಬೇಕು. ಇಂಥ ಹೆಸರು ಬೇಡವೆಂದಲ್ಲ. ಒತ್ತುಗಳನ್ನು ಕೈಯಿಂದ ಬರೆಸಿ, ಮೇಲಕ್ಕೆ ಎಳೆದು, ಮೂಲ ಅಕ್ಷರದ ಮಗ್ಗುಲಿಗೆ ಸೇರಿಸುವ ಚಾತುರ್ಯ ನಮ್ಮ ಸಿನಿಮಾ ಪೋಸ್ಟರ್ ಬರೆಯುವವರಿಗೆ ಚೆನ್ನಾಗಿ ಗೊತ್ತು. ಗೇಮ್ ಮಾಡುವವರು ಅವರನ್ನು ಹುಡುಕಿಕೊಂಡು ಹೋಗಬೇಕು. ಸಿದ್ಧ ಫಾಂಟ್ ಸಾಕೆನ್ನುವವರಿಗೆ ಏಕ್ ಟೈಪ್ ಸಂಸ್ಥೆಯ ಬಲೂ ತಮ್ಮದಂಥ ದಪ್ಪ ಅಕ್ಷರಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಸ್ಟೀಮ್‌ನ ಮುಖಸಂಪರ್ಕದ ಭಾಷೆಗಳಲ್ಲಿ ಕನ್ನಡ ಇಲ್ಲದಿರುವುದರಿಂದ ಕನ್ನಡ ಲೋಗೊ ಬೇಕೆಂದರೆ ಅದನ್ನೇ ಎಲ್ಲರಿಗೂ ತೋರುವ ಮೂಲ ಫಲಕದಲ್ಲಿ ಇಡಬೇಕಾಗುತ್ತದೆ. ಅದು ವ್ಯಾಪಾರದ ದೃಷ್ಟಿಯಿಂದ ಧೈರ್ಯದ ಕೆಲಸ.

ಸ್ಕ್ರೀನ್‌ಶಾಟ್

ಸ್ಟೀಮ್‌ಗೆ ಕನಿಷ್ಠ ಐದು ಸ್ಕ್ರೀನ್‌ಶಾಟ್ ಬೇಕು, ಅವು ಆಟದ್ದೇ ಇರಬೇಕು. ಕಲ್ಪನಾಚಿತ್ರ, ಪ್ರಶಸ್ತಿಪಟ್ಟಿ ಇಲ್ಲಿ ನಡೆಯುವುದಿಲ್ಲ. ಗಿರಾಕಿ ಫಲಕದ ಮೇಲೆ ಮೌಸ್ ತಂದು ನಿಲ್ಲಿಸಿದರೆ ಕಾಣುವುದು ಇವುಗಳಲ್ಲಿ ಮೊದಲ ಕೆಲವು. ಸ್ಟ್ರಾಟಜಿ ಗೇಮ್ ಮಾಡುವವರು ಇಲ್ಲಿ ಒಂದು ವಿಚಿತ್ರ ನಾಚಿಕೆಗೆ ಬೀಳುತ್ತಾರೆ. ಗುಂಡಿ, ಅಂಕಿ, ಪಟ್ಟಿ ಎಲ್ಲವನ್ನೂ ಮರೆಮಾಡಿ ಬರೀ ನೆಲ, ಆಕಾಶ ತೋರಿಸುತ್ತಾರೆ. ಈ ಬಗೆಯ ಆಟ ಆಡುವವನು ಹುಡುಕುವುದೇ ಆ ಗುಂಡಿಗಳನ್ನು. ಎಷ್ಟು ಬಗೆಯ ಸಂಪತ್ತು ಇದೆ, ಮರ ಬೆಳೆದಂತೆ ಬೆಳೆಯುವ ವಿದ್ಯೆಗಳ ಪಟ್ಟಿ ಎಷ್ಟು ಆಳ, ಸರದಿ ಮುಗಿಸುವ ಗುಂಡಿ ಎಲ್ಲಿದೆ ಎಂದು ಅವನು ಊಟದ ಹೋಟೆಲಿನ ಮೆನು ಓದಿದಂತೆ ಓದುತ್ತಾನೆ.

ಸಬ್‌ಸೆಟ್ ಗೇಮ್ಸ್‌ನ ‘ಇನ್‌ಟು ದ ಬ್ರೀಚ್’ (2018) ಇಲ್ಲಿ ಒಳ್ಳೆಯ ಪಾಠ. ಎಂಟಕ್ಕೆ ಎಂಟು ಚೌಕದ ಹಲಗೆ, ಮೂರು ಯಂತ್ರಮಾನವರು, ನೆಲದಿಂದ ಏಳುವ ರಾಕ್ಷಸ ಹುಳುಗಳು. ಶತ್ರು ಮುಂದೆ ಯಾರನ್ನು ಹೊಡೆಯುತ್ತಾನೆ ಎಂಬುದನ್ನು ಆಟ ಮೊದಲೇ ಹಲಗೆಯ ಮೇಲೆ ಗುರುತಿಸಿ ತೋರಿಸುತ್ತದೆ. ಹೀಗಾಗಿ ಅದರ ಯಾವುದೇ ಒಂದು ಸ್ಕ್ರೀನ್‌ಶಾಟ್ ಚದುರಂಗದ ಸಮಸ್ಯೆಯಂತೆ ಇರುತ್ತದೆ. ನೋಡುತ್ತಿದ್ದವನು ಗೊತ್ತಿಲ್ಲದೆಯೇ ಈ ಯಂತ್ರವನ್ನು ಅಲ್ಲಿಗೆ ತಳ್ಳಿದರೆ ಎಂದು ಲೆಕ್ಕ ಹಾಕತೊಡಗುತ್ತಾನೆ. ಕೊಳ್ಳುವ ಮುನ್ನವೇ ಒಂದು ನಡೆ ಆಡಿಸಿಬಿಟ್ಟ ಹಾಗೆ.

ಇತರ ಮಳಿಗೆಗಳು, ಅಳೆಯುವ ಬಗೆ

ಮೊಬೈಲ್ ಮಳಿಗೆಗಳಲ್ಲಿ ಐಕಾನ್‌ನದೇ ದರ್ಬಾರು. ಗೂಗಲ್ ಪ್ಲೇಗೆ 512×512ರ ಐಕಾನ್, 1024×500ರ ಉದ್ದ ಚಿತ್ರ ಬೇಕು. ಆಪಲ್ ಮಳಿಗೆಗೆ 1024×1024ರ ಐಕಾನ್. ಅಲ್ಲಿ ಅಕ್ಷರಕ್ಕೆ ಜಾಗವೇ ಇಲ್ಲ, ಒಂದು ಆಕೃತಿ ಮಾತ್ರ. ಇಚ್.ಐಒ ಎಂಬ ಇಂಡೀಗಳ ಸಂತೆಯಲ್ಲಿ 630×500ರ ಮುಖಚಿತ್ರ, ಕಟ್ಟಳೆಗಳೂ ಸಡಿಲ.

ಎರಡು ಐಕಾನ್‌ಗಳನ್ನು ಬೇರೆ ಬೇರೆ ಗಿರಾಕಿಗಳಿಗೆ ತೋರಿಸಿ ಯಾವುದು ಗೆಲ್ಲುತ್ತದೆಂದು ಅಳೆಯುವ ಸೌಲಭ್ಯವನ್ನು ಗೂಗಲ್ ಪ್ಲೇ 2015ರಲ್ಲೂ, ಆಪಲ್ 2021ರಲ್ಲೂ ಕೊಟ್ಟವು. ಸ್ಟೀಮ್ ಅಭಿವರ್ಧಕರಿಗೆ ಫಲಕ ಎಷ್ಟು ಸಲ ಕಂಡಿತು, ಎಷ್ಟು ಜನ ಪುಟಕ್ಕೆ ಬಂದರು, ಎಷ್ಟು ವಿಷ್‌ಲಿಸ್ಟ್ ಆಯಿತು ಎಂಬ ಲೆಕ್ಕ ಕೊಡುತ್ತದೆ. ಚಿತ್ರ ಬದಲಿಸಿ ಮೊದಲಿನ ವಾರಗಳ ಜೊತೆ ಹೋಲಿಸಬೇಕು. ನಡುವೆ ಮಾರಾಟಮೇಳವೋ ಯೂಟ್ಯೂಬ್ ವಿಡಿಯೊವೋ ಬಂದಿದ್ದರೆ ಹೋಲಿಕೆ ಕೆಟ್ಟಿತು.

ಕ್ಲಿಕ್ ಏರಿದ ಮಾತ್ರಕ್ಕೆ ಹಿಗ್ಗುವ ಹಾಗೂ ಇಲ್ಲ. 2015ರಿಂದ ಸ್ಟೀಮ್‌ನಲ್ಲಿ ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಬಹುದು. ಸ್ಟ್ರಾಟಜಿ ಗೇಮಿನಲ್ಲಿ ಪಾಠ ಕಲಿಯುವುದಕ್ಕೇ ಎರಡು ಗಂಟೆ ಹಿಡಿಯುತ್ತದೆ. ವೀರನ ಚಿತ್ರ ನೋಡಿ ಬಂದವನಿಗೆ ಆ ಎರಡು ಗಂಟೆಯೂ ಶಿಕ್ಷೆ, ನೀರಿನ ಕೊಡ ನೋಡಿ ಬಂದವನಿಗೆ ಅದೇ ಹಬ್ಬ.

ಕಲಾವಿದ ಮತ್ತು ಕರಾರು

ಗೇಮಿನೊಳಗಿನ ಚಿತ್ರ ಬರೆದವರೇ ಕ್ಯಾಪ್ಸೂಲನ್ನೂ ಬರೆಯಬೇಕೆಂದಿಲ್ಲ. ಎರಡೂ ಬೇರೆ ಕೌಶಲ. ಕಲಾವಿದರಿಗೆ ಆಟವನ್ನು ಆಡಿಸಿ, ಮೊದಲು ಚೂರುಗಾತ್ರದ ನಾಲ್ಕೈದು ಕರಡು ತರಿಸಿಕೊಂಡು, ಪದರಗಳಿರುವ ಮೂಲ ಕಡತವೂ ಬೇಕೆಂದು ಮೊದಲೇ ಹೇಳುವುದು ಒಳ್ಳೆಯದು. ಬೆಂಗಳೂರಿನಲ್ಲಿ ಈ ಕಸುಬಿಗೆ ಹಳೆಯ ಬೇರಿದೆ. 1997ರಲ್ಲಿ ಅಲ್ಲಿ ಶುರುವಾದ ಧ್ರುವ ಇಂಟರ್‌ಆ್ಯಕ್ಟಿವ್ ವಿದೇಶದ ದೊಡ್ಡ ಗೇಮ್‌ಗಳಿಗೆ ಕಲಾಕೆಲಸ ಮಾಡಿಕೊಟ್ಟು ಹೆಸರಾಗಿ, 2019ರಲ್ಲಿ ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆ ನೀತಿ ತಂದ ರಾಜ್ಯಗಳಲ್ಲಿ ಕರ್ನಾಟಕ ಮೊದಲಿನದು, ಅದು 2012ರಲ್ಲಿ.

ಭಾರತದಲ್ಲಿ ಕಲಾವಿದರಿಂದ ಹಕ್ಕು ಬರೆಸಿಕೊಳ್ಳುವವರು ಕೃತಿಸ್ವಾಮ್ಯ ಕಾಯ್ದೆ 1957ರ 19ನೇ ಕಲಮನ್ನು ಓದಿಕೊಂಡಿರಬೇಕು. ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾನೂನು ತಿಳಿಯುತ್ತದೆ. ಇಡೀ ಜಗತ್ತಿಗೆ ಮಾರುವ ಮಳಿಗೆಯಲ್ಲಿ ಈ ಎರಡು ಸಾಲು ಬಿಟ್ಟುಹೋದರೆ ಮುಂದೆ ತಲೆನೋವು ಖಂಡಿತ. ಎಐ ಯಂತ್ರದಿಂದ ಚಿತ್ರ ತೆಗೆಸುವವರು 2024ರ ಜನವರಿಯಿಂದ ಅದನ್ನು ಸ್ಟೀಮ್‌ಗೆ ತಿಳಿಸಬೇಕು, ಆ ಮಾಹಿತಿಯನ್ನು ಮಳಿಗೆ ಗೇಮಿನ ಪುಟದಲ್ಲಿ ತೋರಿಸುತ್ತದೆ.

ಗೇಮ್ ಮಾರಾಟವಾದ ಮೇಲೂ ಚಿತ್ರದ ಕೆಲಸ ಮುಗಿಯುವುದಿಲ್ಲ. 600×900ರ ಫಲಕ ಕೊಂಡವರ ಲೈಬ್ರರಿಯಲ್ಲಿ ಉಳಿದು, ಇನ್ನೂ ಆಡಿಲ್ಲವಲ್ಲ ಎಂದು ನೆನಪಿಸುತ್ತಿರುತ್ತದೆ. ಅದು ಹಿಡಿಸದವರು ತೆಗೆದು ತಮಗೆ ಬೇಕಾದ ಚಿತ್ರ ಹಾಕಿಕೊಳ್ಳಲು ಸ್ಟೀಮ್‌ನಲ್ಲಿ ಅವಕಾಶವಿದೆ. ಅಭಿಮಾನಿಗಳು ತಾವೇ ಬರೆದ ಇಂಥ ಫಲಕಗಳನ್ನು ಹಂಚಿಕೊಳ್ಳಲು ಸ್ಟೀಮ್‌ಗ್ರಿಡ್‌ಡಿಬಿ ಎಂಬ ತಾಣವನ್ನೇ ನಡೆಸುತ್ತಿದ್ದಾರೆ.